ಮಗುವಿನ ಮೈ ಊದಿದಾಗ ಮೂತ್ರದ ಲೆಕ್ಕವಿಡಿ



ಬೆಳೆ ಬಾಡಿದರೆ ನೀವು ಗಿಡವನ್ನು ಕಿತ್ತು ಬೇರು ನೋಡುತ್ತೀರಿ. ಹಸು ಮೇವು ಬಿಟ್ಟರೆ ಸಗಣಿ ನೋಡುತ್ತೀರಿ. ಎತ್ತು ಬೆಳಗಿನಿಂದ ಗಂಜಲ ಹಾಕಲಿಲ್ಲವೆಂದು ಗೊತ್ತಾದರೆ ಕೈಯಲ್ಲಿದ್ದ ಕೆಲಸವನ್ನು ಬಿಟ್ಟು ಅಂದೇ ಪಶುವೈದ್ಯರ ಬಳಿಗೆ ಓಡುತ್ತೀರಿ. ಆದರೆ "ನಿಮ್ಮ ಮನೆಯ ಮಗು ನಿನ್ನೆಯಿಂದ ಎಷ್ಟು ಸಲ ಮೂತ್ರ ಮಾಡಿತು?" ಎಂದು ಯಾರಾದರೂ ಕೇಳಿದರೆ ನಮ್ಮಲ್ಲಿ ಎಷ್ಟು ಮಂದಿ ಉತ್ತರ ಹೇಳಬಲ್ಲೆವು? ಎತ್ತಿನ ವಿಷಯದಲ್ಲಿ ಇರುವ ಈ ಎಚ್ಚರ ಮಗುವಿನ ವಿಷಯದಲ್ಲಿಯೂ ಇದ್ದರೆ ಎಷ್ಟೋ ಮಕ್ಕಳನ್ನು ಅಪಾಯದಿಂದ ಪಾರುಮಾಡಬಹುದು. ಅದನ್ನು ವಿವರಿಸುವುದೇ ಈ ಪಾಠದ ಉದ್ದೇಶ. ಓದಬಲ್ಲವರು ಇದನ್ನು ಓದಲಾರದವರಿಗೂ ಓದಿ ಹೇಳಬೇಕೆಂದು ಕೋರಿಕೆ.

1. ಈ ರೋಗ ಯಾವುದು?

ಮಕ್ಕಳ ಮೈಯಲ್ಲಿ ಬಾವು ಬರುವುದಕ್ಕೆ ಹಲವು ಕಾರಣಗಳುಂಟು. ನಾವು ಇಲ್ಲಿ ಹೇಳಹೊರಟಿರುವುದು ವೈದ್ಯರು ನೆಫ್ರೋಟಿಕ್ ಸಿಂಡ್ರೋಮ್ ಎಂದು ಕರೆಯುವ ರೋಗವನ್ನು. ಹೆಸರು ಕಷ್ಟವೆನಿಸಿದರೆ "ಮೂತ್ರದಲ್ಲಿ ಸಾರ ಸೋರುವ ರೋಗ" ಎಂದು ನೆನಪಿಟ್ಟುಕೊಳ್ಳಿ. ಇದು ಮೊದಲ ಸಲ ಕಾಣಿಸಿಕೊಳ್ಳುವುದು ಹೆಚ್ಚಾಗಿ ಎರಡರಿಂದ ಆರು ವರ್ಷದ ಮಕ್ಕಳಲ್ಲಿ. ಈ ವಯಸ್ಸಿನಲ್ಲಿ ಹೆಣ್ಣುಮಕ್ಕಳಿಗಿಂತ ಗಂಡುಮಕ್ಕಳಿಗೆ ಸುಮಾರು ಎರಡರಷ್ಟು ಹೆಚ್ಚಾಗಿ ಬರುತ್ತದೆ. ಇದು ಅಂಟುರೋಗವಲ್ಲ. ದೃಷ್ಟಿದೋಷದಿಂದಾಗಲಿ ಶಾಪದಿಂದಾಗಲಿ ಬರುವುದಲ್ಲ. ತಾಯಿ ತಿಂದ ಅಥವಾ ಮಗು ತಿಂದ ಯಾವುದೋ ಪದಾರ್ಥದ ತಪ್ಪೂ ಅಲ್ಲ. ಆದುದರಿಂದ ಮನೆಯಲ್ಲಿ ಒಬ್ಬರನ್ನೊಬ್ಬರು ದೂರುತ್ತ ಕೂರಬೇಡಿ.

ಮೊದಲ ಲಕ್ಷಣ ಕಾಣುವುದು ಕಣ್ಣಿನಲ್ಲಿ. ಬೆಳಿಗ್ಗೆ ಎದ್ದಾಗ ರೆಪ್ಪೆಗಳು ಊದಿಕೊಂಡಿರುತ್ತವೆ. ಸಂಜೆಯ ವೇಳೆಗೆ ಇಳಿಯುತ್ತವೆ. ಹುಳು ಕಚ್ಚಿರಬೇಕು, ನೆಗಡಿಯಿರಬೇಕು ಎಂದು ನಾವು ಸುಮ್ಮನಾಗುತ್ತೇವೆ. ಕೆಲವರಂತೂ ಮಗು ಮೈ ತುಂಬಿಕೊಂಡಿತೆಂದು ಸಂತೋಷಪಡುವುದುಂಟು. ಕೆಲವು ದಿನಗಳಲ್ಲಿ ಪಾದ, ಕಾಲು, ಹೊಟ್ಟೆ, ಗಂಡುಮಕ್ಕಳಲ್ಲಿ ಬೀಜದ ಚೀಲ ಇವೆಲ್ಲವೂ ಊದುತ್ತವೆ. ಮೊಣಕಾಲಿನ ಕೆಳಗೆ ಎಲುಬಿನ ಮೇಲೆ ಬೆರಳಿಟ್ಟು ಒತ್ತಿದರೆ ಕುಳಿ ಬಿದ್ದು ಸ್ವಲ್ಪ ಹೊತ್ತು ಹಾಗೆಯೇ ಉಳಿಯುತ್ತದೆ. ಮೂತ್ರದಲ್ಲಿ ಸಾಬೂನು ಕದಡಿದಂತೆ ನೊರೆ ಕಟ್ಟುತ್ತದೆ.

ಇನ್ನೊಂದು ಮಾತು. ಗಂಟಲು ಬೇನೆ ಅಥವಾ ಕಜ್ಜಿಯಾದ ಕೆಲವು ವಾರಗಳಲ್ಲಿ ಮುಖ ಊದಿ, ಮೂತ್ರವು ಕಾಫಿ ಕಷಾಯದ ಬಣ್ಣಕ್ಕೆ ತಿರುಗಿದರೆ ಅದು ಮೂತ್ರಪಿಂಡದ ಬೇರೆ ರೋಗ. ಅದಕ್ಕೂ ಅದೇ ದಿನ ವೈದ್ಯರನ್ನು ಕಾಣಬೇಕು.

2. ಮೂತ್ರಪಿಂಡವು ಮಾಡುವ ಕೆಲಸ

ಬೆನ್ನಿನ ಕಡೆ, ಪಕ್ಕೆಲುಬುಗಳ ಕೆಳಭಾಗದಲ್ಲಿ, ಎಡಕ್ಕೊಂದು ಬಲಕ್ಕೊಂದು ಅವರೆಕಾಳಿನ ಆಕಾರದ ಮೂತ್ರಪಿಂಡಗಳಿವೆ. ಒಂದೊಂದರಲ್ಲಿಯೂ ಸುಮಾರು ಹತ್ತು ಲಕ್ಷ ಸೂಕ್ಷ್ಮ ಜರಡಿಗಳಿವೆ. ಬೆಳೆದ ಮನುಷ್ಯನಲ್ಲಿ ಈ ಜರಡಿಗಳು ದಿನವೊಂದಕ್ಕೆ ಸುಮಾರು 180 ಲೀಟರ್ ನೀರನ್ನು ರಕ್ತದಿಂದ ಸೋಸುತ್ತವೆ. ಅದರಲ್ಲಿ ಬಹುಪಾಲನ್ನು ಮತ್ತೆ ರಕ್ತಕ್ಕೇ ಸೇರಿಸಿ, ಒಂದೂವರೆ ಲೀಟರಿನಷ್ಟನ್ನು ಮಾತ್ರ ಕಲ್ಮಷದೊಡನೆ ಹೊರಗೆ ಕಳುಹಿಸುತ್ತವೆ. ಅದೇ ಮೂತ್ರ.

ಒಳ್ಳೆಯ ಜರಡಿಯು ಹೊಟ್ಟನ್ನು ಬಿಟ್ಟು ಕಾಳನ್ನು ಉಳಿಸಿಕೊಳ್ಳುತ್ತದೆ. ಮೂತ್ರಪಿಂಡದ ಜರಡಿಯೂ ಹಾಗೆಯೇ ಕಲ್ಮಷವನ್ನು ಬಿಟ್ಟು, ಆಲ್ಬುಮಿನ್ ಎಂಬ ಪ್ರೋಟೀನನ್ನು ರಕ್ತದಲ್ಲಿ ಉಳಿಸಿಕೊಳ್ಳುತ್ತದೆ. ನಾವು ಹೇಳುತ್ತಿರುವ ರೋಗದಲ್ಲಿ ಈ ಜರಡಿಯ ಕಣ್ಣು ಸಡಿಲವಾಗುತ್ತದೆ. ಕಾಳು ಹೊಟ್ಟಿನ ಜೊತೆಯಲ್ಲಿ ಬಿದ್ದುಹೋದಂತೆ ಆಲ್ಬುಮಿನ್ ಮೂತ್ರದಲ್ಲಿ ಹೋಗಿಬಿಡುತ್ತದೆ. ಮೂತ್ರದ ನೊರೆಗೆ ಇದೇ ಕಾರಣ.

3. ಗದ್ದೆ ಕೆಸರು, ಕಾಲುವೆ ಬರಿದು

ಈ ಪಾಠದ ತಿರುಳು ಇಲ್ಲಿದೆ. ನಿಧಾನವಾಗಿ ಓದಿ.

ಜೇಡಿಮಣ್ಣು ಮೆತ್ತಿದ ಕಾಲುವೆಯಲ್ಲಿ ನೀರು ಸೋರದೆ ಕೊನೆಯ ಗದ್ದೆಯವರೆಗೂ ಹರಿಯುತ್ತದೆ. ಜೇಡಿ ಕೊಚ್ಚಿಹೋದರೆ ನೀರು ಅಕ್ಕಪಕ್ಕದ ಹೊಲಗಳಿಗೆ ಜಿನುಗುತ್ತದೆ. ಅಲ್ಲಿ ಕಾಲಿಟ್ಟಲ್ಲೆಲ್ಲ ಕೆಸರು; ಕಾಲುವೆಯ ತುದಿಯಲ್ಲಿ ಮಾತ್ರ ಹನಿ ನೀರಿಲ್ಲ. ದೂರದಿಂದ ನೋಡಿದವನು ಊರಿನಲ್ಲಿ ನೀರು ಹೆಚ್ಚಾಗಿದೆ ಎನ್ನುತ್ತಾನೆ. ಕೊನೆಯ ಗದ್ದೆಯ ಒಡೆಯನಿಗೆ ಗೊತ್ತು, ಬಂದಿರುವುದು ಬರವೆಂದು.

ರಕ್ತನಾಳವೇ ಆ ಕಾಲುವೆ. ಆಲ್ಬುಮಿನ್ ಆ ಜೇಡಿ. ನೀರನ್ನು ನಾಳದೊಳಗೆ ಹಿಡಿದಿಡುವುದು ಅದೇ. ಆಲ್ಬುಮಿನ್ ಸೋರಿಹೋದಾಗ ನೀರು ನಾಳದಿಂದ ಮಾಂಸಕ್ಕೆ, ಚರ್ಮದ ಅಡಿಗೆ, ಹೊಟ್ಟೆಗೆ ಜಿನುಗುತ್ತದೆ. ಮೂತ್ರಪಿಂಡವು ಉಪ್ಪನ್ನು ಹೊರಹಾಕದೆ ಹಿಡಿದಿಟ್ಟುಕೊಳ್ಳುವುದರಿಂದಲೂ ಬಾವು ಹೆಚ್ಚುತ್ತದೆ. ಹೀಗೆ ಹೊರಗೆ ಮೈ ತುಂಬ ನೀರಿದ್ದರೂ, ಅನೇಕ ಮಕ್ಕಳಲ್ಲಿ ರಕ್ತನಾಳದೊಳಗೆ ನೀರಿನ ಬರವಿರುತ್ತದೆ. ಆ ಬರದ ಪೆಟ್ಟು ಬೀಳುವ ಕೊನೆಯ ಗದ್ದೆ ಯಾವುದು? ಮೂತ್ರಪಿಂಡವೇ. ಸೋಸಲು ಸಾಕಷ್ಟು ರಕ್ತ ಬಾರದಿದ್ದರೆ ಅದು ಕೆಲಸ ನಿಲ್ಲಿಸುತ್ತದೆ.

ಹೀಗೆ ಗಂಟೆಗಳಲ್ಲಿ ಅಥವಾ ಕೆಲವೇ ದಿನಗಳಲ್ಲಿ ಮೂತ್ರಪಿಂಡದ ಕೆಲಸ ಕುಸಿಯುವುದನ್ನು ವೈದ್ಯರು ಮೂತ್ರಪಿಂಡದ ಹಠಾತ್ ಹಾನಿ ಎನ್ನುತ್ತಾರೆ. ಆಗ ಕಲ್ಮಷ ರಕ್ತದಲ್ಲಿಯೇ ಉಳಿಯುತ್ತದೆ. ಪೊಟ್ಯಾಸಿಯಂ ಎಂಬ ಲವಣ ಏರಿದರೆ ಹೃದಯದ ಬಡಿತವೇ ತಪ್ಪಬಹುದು.

ಇದು ಎಲ್ಲೋ ಒಬ್ಬರಿಗೆ ಬರುವ ತೊಂದರೆಯೆಂದು ತಿಳಿಯಬೇಡಿ. ಉತ್ತರ ಅಮೆರಿಕದ 17 ಮಕ್ಕಳ ಮೂತ್ರಪಿಂಡ ಚಿಕಿತ್ಸಾ ಕೇಂದ್ರಗಳ ವೈದ್ಯರು, 2010ರಿಂದ 2012ರವರೆಗೆ ಈ ರೋಗಕ್ಕಾಗಿ ಆಸ್ಪತ್ರೆ ಸೇರಿದ 336 ಮಕ್ಕಳ ವಿವರಗಳನ್ನು ಪರಿಶೀಲಿಸಿ 2015ರಲ್ಲಿ ಪ್ರಕಟಿಸಿದರು. ಅವರಲ್ಲಿ ನೂರಕ್ಕೆ 58ಕ್ಕೂ ಹೆಚ್ಚು ಮಕ್ಕಳಿಗೆ ಈ ಹಠಾತ್ ಹಾನಿ ತಗುಲಿತ್ತು. ಅವರೆಲ್ಲ ಆಸ್ಪತ್ರೆಗೆ ಸೇರಿಸಬೇಕಾದಷ್ಟು ಕಾಯಿಲೆಯಾಗಿದ್ದವರು. ಮನೆಯಲ್ಲಿ ಆಡಿಕೊಂಡಿರುವ ಮಕ್ಕಳಿಗೆ ಈ ಲೆಕ್ಕ ಹೊಂದದು. ಆದರೆ ಹಾನಿಗೊಳಗಾದವರಲ್ಲಿ ಎರಡು ಸಂಗತಿಗಳು ಎದ್ದು ಕಂಡವು: ಸೋಂಕು ಮತ್ತು ಮೂತ್ರಪಿಂಡಕ್ಕೆ ಒಗ್ಗದ ಔಷಧ. ಈ ಎರಡರ ಬಗ್ಗೆಯೂ ನಾವು ಮನೆಯಲ್ಲಿಯೇ ಎಚ್ಚರ ವಹಿಸಬಹುದು.

4. ಒಂದು ಮನೆಯ ಉದಾಹರಣೆ

ನಿಮ್ಮೂರಿನಂತಹ ಒಂದು ಊರು, ನಿಮ್ಮ ಮನೆಯಂತಹ ಒಂದು ಮನೆ ಎಂದುಕೊಳ್ಳಿ. ಐದು ವರ್ಷದ ಹುಡುಗ. ತೂಕ 15 ಕಿಲೋ. ಹಿಂದಿನ ವರ್ಷ ಬಾವು ಬಂದು ಔಷಧದಿಂದ ಗುಣವಾಗಿತ್ತು. ಈಗ ರಾಗಿ ಕೊಯ್ಲಿನ ಕಾಲ. ಹುಡುಗನಿಗೆ ನೆಗಡಿಯಾಯಿತು. ನಾಲ್ಕನೆಯ ದಿನ ಮುಖ ಮತ್ತೆ ಊದಿತು.

ಅಪ್ಪನಿಗೆ ಹಳೆಯ ಚೀಟಿಯ ನೆನಪಾಯಿತು. ಹೋದ ಸಲ ಆಸ್ಪತ್ರೆಯಲ್ಲಿ ಬಾವಿಳಿಸಲು ಕೊಟ್ಟಿದ್ದ, ಮೂತ್ರ ಹೆಚ್ಚಿಸುವ ಮಾತ್ರೆಯ ಹೆಸರು ಅದರಲ್ಲಿತ್ತು. ಪೇಟೆಯಿಂದ ಅದನ್ನೇ ತಂದುಕೊಟ್ಟ. ಅಜ್ಜಿಯು "ಮೈಯೆಲ್ಲ ನೀರು ತುಂಬಿದೆ, ಇನ್ನೂ ನೀರೇಕೆ?" ಎಂದು ಕುಡಿಯುವ ನೀರನ್ನು ತಡೆದಳು. ಸಂಜೆ ಜ್ವರ ಬಂದಿತು. ಚಿಕ್ಕಪ್ಪ ಅಂಗಡಿಯಿಂದ ಜ್ವರ, ನೋವು ಎರಡಕ್ಕೂ ಆಗುವ ಸಿರಪ್ಪನ್ನು ತಂದ. ಮರುದಿನ ವಾಂತಿ, ಭೇದಿ ಹಿಡಿಯಿತು. ಅಮ್ಮ ಕೊಯ್ಲಿಗೆ ಹೋಗಿದ್ದಳು. ಹುಡುಗ ಅಜ್ಜಿಯ ಬಳಿ ಮಲಗಿದ್ದ. ಅಂದು ಬೆಳಗಿನಿಂದ ರಾತ್ರಿಯವರೆಗೆ ಅವನು ಮೂತ್ರ ಮಾಡಿದ್ದು ಒಂದೇ ಸಲ, ಅದೂ ಅಂಗೈಯಷ್ಟು. ಅದನ್ನು ಯಾರೂ ಗಮನಿಸಲಿಲ್ಲ. ಮಾರನೆಯ ದಿನ ಹುಡುಗ ಮಂಕಾಗಿ ಮಾತು ನಿಲ್ಲಿಸಿದಾಗ ಆಸ್ಪತ್ರೆಗೆ ಎತ್ತಿಕೊಂಡು ಓಡಿದರು.

ಈ ಮನೆಯಲ್ಲಿ ಮಗುವಿಗೆ ಕೇಡು ಬಯಸಿದವರು ಯಾರಿದ್ದರು? ಒಬ್ಬರೂ ಇಲ್ಲ. ಪ್ರತಿಯೊಬ್ಬರೂ ಪ್ರೀತಿಯಿಂದಲೇ ಮಾಡಿದರು. ಆದರೆ ಲೆಕ್ಕ ನೋಡಿ. ಕಾಲುವೆ ಮೊದಲೇ ಬತ್ತಿತ್ತು. ಮಾತ್ರೆಯು ಉಳಿದ ನೀರಿಗೂ ತೂಬು ತೆಗೆಯಿತು. ನೀರು ತಡೆದುದರಿಂದ ಒಳಹರಿವು ನಿಂತಿತು. ವಾಂತಿಭೇದಿಯು ಇನ್ನಷ್ಟನ್ನು ಹೊರಗೆ ಹಾಕಿತು. ನೋವಿನ ಔಷಧವು ಮೂತ್ರಪಿಂಡಕ್ಕೆ ಹೋಗುವ ರಕ್ತದ ದಾರಿಯನ್ನೇ ಕಿರಿದು ಮಾಡಿತು. ಒಂದೊಂದಾಗಿ ಬಂದಿದ್ದರೆ ಮೂತ್ರಪಿಂಡ ತಡೆದುಕೊಳ್ಳುತ್ತಿತ್ತೇನೋ. ನಾಲ್ಕೂ ಕೂಡಿ ಬಂದಾಗ ಸೋತಿತು. ಮೊದಲ ದಿನ ರಾತ್ರಿಯೇ ಮೂತ್ರದ ಲೆಕ್ಕ ಯಾರಾದರೂ ಇಟ್ಟಿದ್ದರೆ ಒಂದು ಇಡೀ ದಿನ ಉಳಿಯುತ್ತಿತ್ತು. ಈ ರೋಗದಲ್ಲಿ ಒಂದು ದಿನವೆಂದರೆ ದೊಡ್ಡ ಆಸ್ತಿ.

5. ಮೂತ್ರವನ್ನು ಅಳೆಯುವ ಕ್ರಮ

ಇದಕ್ಕೆ ದುಡ್ಡು ಬೇಕಿಲ್ಲ. ಅಗಲ ಬಾಯಿಯ ಒಂದು ಪ್ಲಾಸ್ಟಿಕ್ ಡಬ್ಬಿಯನ್ನು ತೆಗೆದುಕೊಳ್ಳಿ. ಔಷಧದ ಬಾಟಲಿಯ ಜೊತೆ ಬರುವ 10 ಮಿಲಿಲೀಟರ್ ಅಳತೆಯ ಮುಚ್ಚಳದಿಂದ ಐದು ಸಲ ನೀರು ಹಾಕಿ, ನೀರು ನಿಂತ ಮಟ್ಟಕ್ಕೆ ಹೊರಗಿನಿಂದ ಗೀರು ಹಾಕಿ. ಅದು 50 ಮಿಲಿಲೀಟರ್. ಹೀಗೆಯೇ 100, 150, 200ರ ಗೀರುಗಳನ್ನು ಹಾಕಿಕೊಳ್ಳಿ. ಈ ಡಬ್ಬಿ ಮೂತ್ರಕ್ಕೆ ಮಾತ್ರ. ಬೇರೆ ಯಾವುದಕ್ಕೂ ಬಳಸಬೇಡಿ.

ಸಾಮಾನ್ಯವಾಗಿ ಚಿಕ್ಕ ಮಗುವು ಗಂಟೆಗೆ, ತನ್ನ ತೂಕದ ಪ್ರತಿ ಕಿಲೋಗೆ, ಕಡಿಮೆಯೆಂದರೂ 1 ಮಿಲಿಲೀಟರ್ ಮೂತ್ರ ಮಾಡಬೇಕು. ಅದರ ಅರ್ಧಕ್ಕಿಂತ ಕಡಿಮೆಯಾದರೆ ಅಪಾಯದ ಗುರುತು. ತೂಕವೆಂದರೆ ಬಾವು ಬರುವ ಮೊದಲಿನ ತೂಕವೆಂದು ತಿಳಿಯಿರಿ. 12 ಗಂಟೆಗಳ ಲೆಕ್ಕ ಹೀಗಾಗುತ್ತದೆ:

10 ಕಿಲೋ ಮಗು — ಇರಬೇಕಾದದ್ದು 120 ಮಿಲಿಲೀಟರ್. 60ಕ್ಕಿಂತ ಕಡಿಮೆಯಾದರೆ ಅಪಾಯ.
15 ಕಿಲೋ ಮಗು — ಇರಬೇಕಾದದ್ದು 180 ಮಿಲಿಲೀಟರ್; 90ಕ್ಕಿಂತ ಕಡಿಮೆಯಾದರೆ ಅಪಾಯ.
20 ಕಿಲೋ ಮಗು — ಇರಬೇಕಾದದ್ದು 240 ಮಿಲಿಲೀಟರ್. 120ಕ್ಕಿಂತ ಕಡಿಮೆಯಾದರೆ ಅಪಾಯ.

ಮಗುವಿಗೆ ಬಾವಿದ್ದು ವಾಂತಿ, ಭೇದಿ ಅಥವಾ ಜ್ವರವೂ ಇದ್ದರೆ 12 ಗಂಟೆ ಕಾಯಬೇಡಿ. ಹಗಲಿನಲ್ಲಿ ಆರು ಗಂಟೆ ಮೂತ್ರವಾಗದಿದ್ದರೆ ಹೊರಡಿ.

ಪ್ರತಿದಿನ ಬೆಳಿಗ್ಗೆ ಏನನ್ನೂ ತಿನ್ನುವ ಮೊದಲು ಮಗುವಿನ ತೂಕವನ್ನೂ ನೋಡಿ. ಮನೆಯಲ್ಲಿ ತಕ್ಕಡಿಯಿಲ್ಲದಿದ್ದರೆ ಅಂಗನವಾಡಿಯಲ್ಲಿದೆ. ಒಂದು ನೋಟ್‌ಬುಕ್ಕಿನಲ್ಲಿ ತಾರೀಖು, ತೂಕ, ಮೂತ್ರದ ಅಳತೆ, ಕೊಟ್ಟ ಔಷಧ ಈ ನಾಲ್ಕನ್ನು ಬರೆಯಿರಿ. ಹಾಲಿನ ಡೈರಿಯ ಪುಸ್ತಕವನ್ನು ತಪ್ಪದೆ ಬರೆಸುವ ನಮಗೆ ಇದು ಕಷ್ಟದ ಕೆಲಸವಲ್ಲ. ಆಸ್ಪತ್ರೆಗೆ ಹೋಗುವಾಗ ಈ ಪುಸ್ತಕ ಕೈಯಲ್ಲಿರಲಿ. ವೈದ್ಯರಿಗೆ ಅದು ಅರ್ಧ ಪರೀಕ್ಷೆ ಮುಗಿದಂತೆ.

6. ಸಾರ ಸೋರುತ್ತಿದೆಯೇ ಎಂದು ಮನೆಯಲ್ಲಿ ನೋಡುವುದು

ಲಂಡನ್ನಿನ ಗೈಸ್ ಆಸ್ಪತ್ರೆಯಲ್ಲಿದ್ದ ರಿಚರ್ಡ್ ಬ್ರೈಟ್ ಎಂಬ ವೈದ್ಯರು ಬಾವು ಬಂದ ರೋಗಿಗಳ ಮೂತ್ರವನ್ನು ಚಮಚದಲ್ಲಿ ಹಿಡಿದು ಮೇಣದ ಬತ್ತಿಯ ಮೇಲೆ ಕಾಯಿಸಿ ನೋಡುತ್ತಿದ್ದರು. ಮೊಟ್ಟೆಯ ಬಿಳಿಭಾಗ ಬೆಂದಾಗ ಗಟ್ಟಿಯಾಗುವಂತೆ ಮೂತ್ರದಲ್ಲಿದ್ದ ಆಲ್ಬುಮಿನ್ ಬಿಳಿಯಾಗಿ ಹೆಪ್ಪುಗಟ್ಟುತ್ತಿತ್ತು. ಬಾವಿಗೂ ಮೂತ್ರಪಿಂಡದ ರೋಗಕ್ಕೂ ಇರುವ ಸಂಬಂಧವನ್ನು ಅವರು 1827ರಲ್ಲಿ ಪ್ರಕಟಿಸಿದರು.

ಇದೇ ತತ್ತ್ವದ ಪರೀಕ್ಷೆಯನ್ನು ಇಂದಿಗೂ ಮನೆಯಲ್ಲಿ ಮಾಡಬಹುದು. ಬೆಳಗಿನ ಮೊದಲ ಮೂತ್ರವನ್ನು ಗಾಜಿನ ನಳಿಗೆಯಲ್ಲಿ ಮುಕ್ಕಾಲು ಭಾಗ ತುಂಬಿ, ಇಕ್ಕಳದಲ್ಲಿ ಹಿಡಿದು, ಮೇಲ್ಭಾಗವನ್ನು ಮಾತ್ರ ಕಾಯಿಸಿ, ಕೆಲವು ಹನಿ ವಿನಿಗರ್ ಹಾಕಬೇಕು. ತಿಳಿಯಾಗಿಯೇ ಉಳಿದರೆ ಸೋರಿಕೆಯಿಲ್ಲ. ಹಾಲಿನಂತೆ ಕದಡಿ ಹಾಗೆಯೇ ನಿಂತರೆ ಸೋರಿಕೆಯುಂಟು. ಮೂತ್ರದಲ್ಲಿ ಅದ್ದಿದರೆ ಬಣ್ಣ ಬದಲಾಗುವ ಕಾಗದದ ಪಟ್ಟಿಗಳೂ ಔಷಧದ ಅಂಗಡಿಯಲ್ಲಿ ಸಿಗುತ್ತವೆ. ಅವು ಇನ್ನೂ ಸುಲಭ. ಯಾವುದೇ ಆಗಲಿ, ಮೊದಲು ವೈದ್ಯರಿಂದಲೋ ಶುಶ್ರೂಷಕಿಯಿಂದಲೋ ಕಲಿತುಕೊಂಡು ಮಾಡಿ. ಪಟ್ಟಿಯಲ್ಲಿ ಮೂರು ಅಥವಾ ನಾಲ್ಕು ಗುಣಿಸದ ಕೂಡುಗುರುತುಗಳ ಮಟ್ಟವು, ಅಂದರೆ 3+ ಅಥವಾ 4+, ಮೂರು ದಿನ ಒಂದೇ ಸಮನೆ ಬಂದರೆ ರೋಗ ಮರುಕಳಿಸಿದೆ ಎಂದರ್ಥ. ಹೀಗೆ ನೋಡುತ್ತಿದ್ದರೆ ಮೈ ಊದುವ ಮೊದಲೇ ಚಿಕಿತ್ಸೆ ಆರಂಭಿಸಬಹುದು.

7. ಮಾಡಬಾರದ ಕೆಲಸಗಳು

(ಅ) ಮೂತ್ರ ಹೆಚ್ಚಿಸುವ ಮಾತ್ರೆಯನ್ನು ಹಳೆಯ ಚೀಟಿ ತೋರಿಸಿ ತರಬೇಡಿ. ಅದು ಒಳ್ಳೆಯ ಔಷಧವೇ. ಆದರೆ ನಾಳದಲ್ಲಿ ನೀರಿದೆಯೇ ಬರವಿದೆಯೇ ಎಂದು ನೋಡಿದ ಮೇಲೆ ಮಾತ್ರ ಕೊಡತಕ್ಕದ್ದು.

(ಆ) ಐಬುಪ್ರೊಫೆನ್, ಡೈಕ್ಲೊಫೆನಾಕ್ ಮುಂತಾದ ನೋವಿನ ಔಷಧಗಳನ್ನು ಈ ಮಗುವಿಗೆ ಕೊಡಬೇಡಿ. ನಿಮೆಸುಲೈಡ್ ಅನ್ನು 12 ವರ್ಷದೊಳಗಿನ ಮಕ್ಕಳಿಗೆ ಕೊಡುವುದನ್ನು ನಮ್ಮ ದೇಶದಲ್ಲಿ 2011ರಲ್ಲಿಯೇ ನಿಷೇಧಿಸಲಾಗಿದೆ. ಜ್ವರಕ್ಕೆ, ತೂಕಕ್ಕೆ ತಕ್ಕ ಪ್ರಮಾಣದ ಪ್ಯಾರಸಿಟಮಾಲ್ ಸಾಕು. ಕೆಲವು ಸಿರಪ್ಪುಗಳಲ್ಲಿ ಎರಡು ಔಷಧ ಬೆರೆತಿರುತ್ತವೆ; ಬಾಟಲಿಯ ಮೇಲಿರುವುದನ್ನು ಓದಿಸಿ ಕೇಳಿ.

(ಇ) ಕುಡಿಯುವ ನೀರನ್ನು ನಿಮ್ಮಷ್ಟಕ್ಕೆ ನೀವೇ ತಡೆಯಬೇಡಿ. ಎಷ್ಟು ಕೊಡಬೇಕೆಂಬುದನ್ನು ವೈದ್ಯರು ಹೇಳುತ್ತಾರೆ. ತಡೆಯಬೇಕಾದದ್ದು ಉಪ್ಪನ್ನು. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಪೊಟ್ಟಣದ ಕುರುಕಲು ತಿಂಡಿ ಇವು ಬಾವಿರುವಾಗ ಬೇಡ. ರಾಗಿ, ಅನ್ನ, ಬೇಳೆ, ಮೊಟ್ಟೆ, ತರಕಾರಿಯ ಮನೆಯೂಟ ಕಡಿಮೆ ಉಪ್ಪಿನಲ್ಲಿ ಇರಲಿ.

(ಈ) ಮೂತ್ರ ಕಡಿಮೆಯಾದ ಮಗುವಿಗೆ ಎಳನೀರು ಕುಡಿಸಬೇಡಿ. ಉಷ್ಣಕ್ಕೆ ತಂಪೆಂದು ನಾವು ಮೊದಲು ಕೊಡುವುದೇ ಅದನ್ನು. ಆದರೆ ಎಳನೀರಿನಲ್ಲಿ ಪೊಟ್ಯಾಸಿಯಂ ಬಹಳ. ಮೂತ್ರವಾಗದಿದ್ದಾಗ ಅದು ರಕ್ತದಲ್ಲಿ ಸೇರಿ ಹೃದಯಕ್ಕೆ ಅಪಾಯ ತರುತ್ತದೆ.

(ಉ) ಹೆಸರು ಗೊತ್ತಿಲ್ಲದ ಭಸ್ಮ, ಬೇರು, ಪುಡಿಗಳನ್ನು ಕೊಡಬೇಡಿ. ಕೆಲವು ಭಸ್ಮಗಳಲ್ಲಿ ಸೀಸ, ಪಾದರಸ ಇರುವುದುಂಟು. ಅವು ಮೂತ್ರಪಿಂಡಕ್ಕೆ ವಿಷ.

(ಊ) ಸ್ಟಿರಾಯ್ಡ್ ಮಾತ್ರೆಯನ್ನು ಬಾವಿಳಿಯಿತೆಂದು ಥಟ್ಟನೆ ನಿಲ್ಲಿಸಬೇಡಿ. ಹಲವು ವಾರ ತೆಗೆದುಕೊಂಡ ಮೇಲೆ ದೇಹವು ತನ್ನದೇ ಸ್ಟಿರಾಯ್ಡನ್ನು ತಯಾರಿಸುವುದನ್ನು ಕಡಿಮೆ ಮಾಡಿರುತ್ತದೆ. ಹಠಾತ್ತಾಗಿ ನಿಲ್ಲಿಸಿದರೆ, ಅದರಲ್ಲಿಯೂ ಜ್ವರದ ಕಾಲದಲ್ಲಿ, ಮಗು ಕುಸಿಯಬಹುದು. ವಾಂತಿಯಿಂದ ಮಾತ್ರೆ ನಿಲ್ಲದಿದ್ದರೆ ಆಸ್ಪತ್ರೆಯಲ್ಲಿ ಸೂಜಿಯ ಮೂಲಕ ಕೊಡಬೇಕಾಗುತ್ತದೆ.

8. ವಾಂತಿಭೇದಿಯಾದ ದಿನ

ಈ ರೋಗದ ಮಗುವಿಗೆ ವಾಂತಿಭೇದಿಯಾದರೆ ಅದನ್ನು ಸಾಧಾರಣವೆಂದು ಎಣಿಸಬೇಡಿ. ಓಆರ್‌ಎಸ್ ದ್ರಾವಣವನ್ನು ಚಮಚ ಚಮಚವಾಗಿ ಕುಡಿಸುತ್ತ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯಿರಿ. ಮೂತ್ರ ಹೆಚ್ಚಿಸುವ ಮಾತ್ರೆ ಮತ್ತು ಎನಾಲಾಪ್ರಿಲ್ ಜಾತಿಯ ರಕ್ತದೊತ್ತಡದ ಮಾತ್ರೆಗಳನ್ನು ಅಂತಹ ದಿನ ತಾತ್ಕಾಲಿಕವಾಗಿ ನಿಲ್ಲಿಸಬೇಕಾಗಬಹುದು. ಮಗು ಚೆನ್ನಾಗಿರುವಾಗಲೇ ವೈದ್ಯರನ್ನು "ವಾಂತಿಭೇದಿಯಾದ ದಿನ ಯಾವ ಮಾತ್ರೆ ಬಿಡಬೇಕು, ಯಾವುದನ್ನು ಬಿಡಬಾರದು?" ಎಂದು ಕೇಳಿ ಪುಸ್ತಕದ ಮೊದಲ ಪುಟದಲ್ಲಿ ಬರೆಸಿಟ್ಟುಕೊಳ್ಳಿ.

9. ಕೂಡಲೆ ಹೊರಡಬೇಕಾದ ಗುರುತುಗಳು

— ಮೂತ್ರ ಮೇಲೆ ಹೇಳಿದ ಅಳತೆಗಿಂತ ಕಡಿಮೆಯಾದರೆ.
— ಕೈಕಾಲು ತಣ್ಣಗಾಗಿ, ತಲೆ ತಿರುಗಿ, ಮಗು ಮಂಕಾದರೆ.
— ಜ್ವರದ ಜೊತೆಗೆ ಹೊಟ್ಟೆನೋವು ಬಂದು ಮುಟ್ಟಗೊಡದಿದ್ದರೆ. ಹೊಟ್ಟೆಯಲ್ಲಿ ನಿಂತ ನೀರಿಗೆ ಸೋಂಕು ತಗಲಿರಬಹುದು.
— ಉಸಿರು ಜೋರಾಗಿ, ಮಲಗಲಾರದೆ ಕುಳಿತೇ ಇದ್ದರೆ.
— ಒಂದೇ ಕಾಲು ಹೆಚ್ಚು ಊದಿ ನೋಯುತ್ತಿದ್ದರೆ, ಮೂತ್ರದಲ್ಲಿ ರಕ್ತ ಕಂಡರೆ, ವಿಪರೀತ ತಲೆನೋವು ಅಥವಾ ಫಿಟ್ಸ್ ಬಂದರೆ. ಈ ರೋಗದಲ್ಲಿ ನಾಳದೊಳಗೆ ರಕ್ತ ಹೆಪ್ಪುಗಟ್ಟುವ ಸ್ವಭಾವವುಂಟು.

ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲೆಂದು ಕಾಯಬೇಡಿ. 108ಕ್ಕೆ ಕರೆ ಮಾಡಿ. ಪಡಿತರ ಚೀಟಿ, ಆಧಾರ್, ಲೆಕ್ಕದ ಪುಸ್ತಕ, ಕೊಟ್ಟ ಔಷಧಗಳ ಬಾಟಲಿಗಳು ಎಲ್ಲವನ್ನೂ ಒಂದೇ ಚೀಲದಲ್ಲಿ ಹಾಕಿಟ್ಟುಕೊಂಡಿದ್ದರೆ ಹುಡುಕುವ ಗಡಿಬಿಡಿಯಿರುವುದಿಲ್ಲ. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಡತನ ರೇಖೆಯ ಕೆಳಗಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗೆ ಚಿಕಿತ್ಸಾ ನೆರವುಂಟು. ಆಸ್ಪತ್ರೆಯಲ್ಲಿ ಇದರ ಬಗ್ಗೆ ಕೇಳಲು ಸಂಕೋಚಪಡಬೇಡಿ.

10. ಧೈರ್ಯಗೆಡಬೇಡಿ

ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿ ಕ್ರಿಯಾಟಿನಿನ್, ಪೊಟ್ಯಾಸಿಯಂ ಮೊದಲಾದವುಗಳ ಮಟ್ಟವನ್ನು ನೋಡುತ್ತಾರೆ. ನಾಳದಲ್ಲಿ ನೀರಿನ ಬರವಿದ್ದರೆ ತುಂಬುತ್ತಾರೆ. ಅಗತ್ಯವಿದ್ದರೆ ಆಲ್ಬುಮಿನ್ ಅನ್ನೇ ಸೂಜಿಯ ಮೂಲಕ ಕೊಡುತ್ತಾರೆ. ಸೋಂಕಿಗೆ ಔಷಧ ಹಾಕುತ್ತಾರೆ. ಸಕಾಲದಲ್ಲಿ ಹೋದ ಬಹುಪಾಲು ಮಕ್ಕಳಲ್ಲಿ ಮೂತ್ರಪಿಂಡ ಮತ್ತೆ ಚೇತರಿಸಿಕೊಳ್ಳುತ್ತದೆ. ಡಯಾಲಿಸಿಸ್ ಬೇಕಾಗುವುದು ಕೆಲವರಿಗೆ ಮಾತ್ರ. ಅದೂ ಹೆಚ್ಚಾಗಿ ಸ್ವಲ್ಪ ಕಾಲಕ್ಕೆ.

ಮೂಲ ರೋಗಕ್ಕೂ ಒಳ್ಳೆಯ ಔಷಧವಿದೆ. ಸೋಂಕು ನಿವಾರಕ ಔಷಧಗಳೂ ಸ್ಟಿರಾಯ್ಡೂ ಬರುವ ಮೊದಲು ಈ ರೋಗ ಬಂದ ಮೂವರು ಮಕ್ಕಳಲ್ಲಿ ಸುಮಾರು ಇಬ್ಬರು ಉಳಿಯುತ್ತಿರಲಿಲ್ಲ. 1950ರ ದಶಕದಲ್ಲಿ ಸ್ಟಿರಾಯ್ಡ್ ಚಿಕಿತ್ಸೆ ಬಳಕೆಗೆ ಬಂದ ಮೇಲೆ ಆ ಕಾಲ ಹೋಯಿತು. ಈಗ ನೂರರಲ್ಲಿ 85ರಿಂದ 90 ಮಕ್ಕಳು ಪ್ರೆಡ್ನಿಸೊಲೋನ್ ಮಾತ್ರೆಗೆ ಗುಣ ಕಾಣುತ್ತಾರೆ. ಭಾರತೀಯ ಮಕ್ಕಳ ಮೂತ್ರಪಿಂಡ ತಜ್ಞರ ಸಂಘವು 2021ರಲ್ಲಿ ನೀಡಿದ ಸಲಹೆಯಂತೆ ಮೊದಲ ಸಲ ಬಂದಾಗ ಆರು ವಾರ ಪ್ರತಿದಿನ, ಮತ್ತೆ ಆರು ವಾರ ದಿನ ಬಿಟ್ಟು ದಿನ ಔಷಧ ಕೊಡುತ್ತಾರೆ. ಮುಖ ದುಂಡಗಾಗುವುದು, ಹಸಿವು ಹೆಚ್ಚುವುದು ಈ ಔಷಧದ ಗುಣ. ಔಷಧ ಇಳಿಸಿದ ಮೇಲೆ ಸರಿಹೋಗುತ್ತದೆ. ರೋಗವು ಹಲವರಲ್ಲಿ ಮರುಕಳಿಸುತ್ತದೆ, ಬಹುವಾಗಿ ನೆಗಡಿಯ ಬೆನ್ನಿಗೆ. ಹಾಗಾದರೆ ಎದೆಗುಂದಬೇಡಿ. ದೊಡ್ಡವರಾಗುತ್ತ ಹೆಚ್ಚಿನ ಮಕ್ಕಳಿಗೆ ಅದು ಬಿಟ್ಟುಹೋಗುತ್ತದೆ. ಅಲ್ಲಿಯವರೆಗೆ ಮೂತ್ರಪಿಂಡವನ್ನು ಕಾಪಾಡಿಕೊಂಡು ಹೋಗುವುದೇ ನಮ್ಮ ಕೆಲಸ.

ಮಗು ಸ್ಟಿರಾಯ್ಡ್ ತೆಗೆದುಕೊಳ್ಳುತ್ತಿದ್ದರೆ ಯಾವುದೇ ಲಸಿಕೆಗೆ ಮೊದಲು ಆ ವಿಷಯವನ್ನು ಶುಶ್ರೂಷಕಿಗೆ ತಿಳಿಸಿ. ಕೆಲವು ಲಸಿಕೆಗಳನ್ನು ಮುಂದೂಡಬೇಕಾಗುತ್ತದೆ. ನ್ಯುಮೋಕಾಕಸ್ ಲಸಿಕೆ ಮಾತ್ರ ಈ ಮಕ್ಕಳಿಗೆ ಬಹಳ ಅಗತ್ಯ. ಮನೆಯಲ್ಲಾಗಲಿ ಶಾಲೆಯಲ್ಲಾಗಲಿ ಯಾರಿಗಾದರೂ ಸೀತಾಳೆ ಸಿಡುಬು ಬಂದರೆ ಅದೇ ದಿನ ವೈದ್ಯರಿಗೆ ಹೇಳಿ.

ಪಾಠ ಓದಿದ ಮೇಲೆ ಮನೆಯವರೆಲ್ಲ ಕುಳಿತು ಉತ್ತರ ಹೇಳಿ

1. ಮೈ ಊದಿದ ಮಗುವಿನ ರಕ್ತನಾಳದಲ್ಲಿ ನೀರಿನ ಬರ ಹೇಗೆ ಬರುತ್ತದೆ?
2. ನಿಮ್ಮ ಮಗುವಿನ ತೂಕವೆಷ್ಟು? 12 ಗಂಟೆಗಳಲ್ಲಿ ಅದು ಎಷ್ಟು ಮೂತ್ರ ಮಾಡಬೇಕು?
3. ಉದಾಹರಣೆಯ ಮನೆಯಲ್ಲಿ ಆದ ನಾಲ್ಕು ತಪ್ಪುಗಳು ಯಾವುವು? ನಿಮ್ಮ ಮನೆಯಲ್ಲಿ ಆಗಬಹುದಾದದ್ದು ಯಾವುದು?
4. ಮೂತ್ರ ಕಡಿಮೆಯಾದಾಗ ಎಳನೀರು ಏಕೆ ಬೇಡ?
5. ತಾಯಿ ಹೊಲಕ್ಕೆ ಹೋದ ದಿನ ಮೂತ್ರದ ಲೆಕ್ಕ ಯಾರು ಇಡುತ್ತಾರೆ?

ಕೊನೆಯ ಪ್ರಶ್ನೆಗೆ ಒಬ್ಬರ ಹೆಸರನ್ನು ಇಂದೇ ಗೊತ್ತು ಮಾಡಿ. ಸುಗ್ಗಿ ಎರಡು ದಿನ ತಡವಾದರೆ ನಷ್ಟ ತುಂಬಿಕೊಳ್ಳಬಹುದು. ಮಗುವಿನ ಮೂತ್ರಪಿಂಡದ ವಿಷಯದಲ್ಲಿ ಎರಡು ದಿನ ತಡವಾಗಬಾರದು.